ಕಜ್ಜಾಯದ ಡಬ್ಬಿ

ನಮ್ಮೂರಲ್ಲಿ ಕ್ರಿಸ್ಮಸ್ಸಿಗೆ ಚಿನ್ನದ ಸರ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಒಂದು ತಟ್ಟೆ ಕಜ್ಜಾಯ ಕೊಡುವವರು ಅಪರೂಪ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವರ್ಷ ಹಿಗ್ಗಿ ಹೀರೇಕಾಯಿಯಾಗುತ್ತಾರೆ. ಅತ್ತೆ ಬಳೆ ಕೊಟ್ಟರು, ಮಾವ ರೇಡಿಯೋ ಕೊಟ್ಟರು, ನಾದಿನಿ ರೇಷ್ಮೆ ಸೀರೆಯನ್ನೇ ಉಡಿಸಿದಳು ಎಂದು ತವರಿಗೆ ಹೇಳಿ ಕಳಿಸುತ್ತಾರೆ. ಜನವರಿಯಲ್ಲಿ, ಬಾಲಯೇಸುವಿಗೆ ಕಾಣಿಕೆ ತಂದ ಮೂರು ರಾಯರ ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಕೈಯಲ್ಲಿ ಬಳೆಯಿಲ್ಲ, ಪೆಟ್ಟಿಗೆಯಲ್ಲಿ ಸೀರೆಯಿಲ್ಲ. ಕೊಟ್ಟದ್ದೆಲ್ಲ ಕೊಟ್ಟವರ ಮನೆಗೆ ಹೋಗಿ, ಮೊದಲು ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ. ಹೊಸ ಸೊಸೆ ಗೊಳೋ ಎಂದು ಅಳುತ್ತಾಳೆ. ನಾವು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತೇವೆ, ಆಮೇಲೆ ಪಾಪ ಅನ್ನಿಸಿ ಒಂದು ಲೋಟ ಕಾಫಿ ಕೊಟ್ಟು ಸಮಾಧಾನ ಮಾಡುತ್ತೇವೆ.

ಹಾಗಾಗಿ ಹಬ್ಬ ಬಂತೆಂದರೆ ನಮ್ಮಲ್ಲಿ ಯಾರೂ ಅಂಗಡಿ ಬೀದಿಗೆ ಓಡುವುದಿಲ್ಲ. ಮನೆಯಲ್ಲಿರುವುದನ್ನೇ ಒರೆಸಿ, ಕಾಗದ ಸುತ್ತಿ ಕೊಡುತ್ತೇವೆ. ನಮ್ಮ ಭಾವನವರು ನನ್ನ ಗಂಡನಿಗೆ ವರ್ಷ ವರ್ಷವೂ ಅದೇ ಕೈಗಡಿಯಾರ ಕೊಡುತ್ತಾರೆ. ಇವರು ಆ ಕೆಲವು ದಿನ ಕೇಳಿದವರಿಗೂ ಕೇಳದವರಿಗೂ ಗಂಟೆ ಹೇಳಿಕೊಂಡು ಓಡಾಡುತ್ತಾರೆ. ತಿಂದದ್ದು ಮಾತ್ರ ವಾಪಸು ಬರುವುದಿಲ್ಲ. ಡಬ್ಬಿ ತುಂಬ ಕಜ್ಜಾಯ ಕೊಟ್ಟರೆ, ತಿನ್ನದೆ ಇಟ್ಟದ್ದು ಡಬ್ಬಿಯ ಸಮೇತ ಮನೆಗೆ ಬರುತ್ತದೆ. ತಿಂದು ಮುಗಿಸಿದ್ದರೆ ಖಾಲಿ ಡಬ್ಬಿ ಬರುತ್ತದೆ. ಅದಕ್ಕೇ ನಮ್ಮೂರಿನವರು ಚಿನ್ನದಲ್ಲಿ ಧಾರಾಳಿಗಳು, ಬೆಲ್ಲದಲ್ಲಿ ಜಿಪುಣರು. ಯಾರಾದರೂ ಕೈ ಬಿಚ್ಚಿ ಕಜ್ಜಾಯ ಕರಿದು ಕೊಟ್ಟರೆ, ಅವರು ನಿಜವಾಗಿ ಕೊಟ್ಟರು ಎಂದು ಅರ್ಥ.

ಇನ್ನೊಂದು ಮಾತಿದೆ, ಅದನ್ನು ಹೇಳುವಾಗ ನಾವು ನಗುವುದಿಲ್ಲ. ಕ್ರಿಸ್ಮಸ್ಸಿಗೂ ಮೂರು ರಾಯರ ಹಬ್ಬಕ್ಕೂ ನಡುವೆ ಕೊಟ್ಟವರು ಕಣ್ಣು ಮುಚ್ಚಿದರೆ, ಅವರು ಕೊಟ್ಟ ವಸ್ತು ಹೋಗುವುದಿಲ್ಲ. ಪಡೆದವರ ಮನೆಯಲ್ಲೇ ಉಳಿದುಬಿಡುತ್ತದೆ. ಅಂಥದ್ದಕ್ಕೆ ನಾವು ಉಳಿದ ವಸ್ತು ಅನ್ನುತ್ತೇವೆ. ಪ್ರತಿ ಮನೆಯಲ್ಲೂ ಅದಕ್ಕೊಂದು ಜಾಗ ಇರುತ್ತದೆ, ಭಾನುವಾರ ಅದರ ಮುಂದೆ ಮೇಣದ ಬತ್ತಿ ಹಚ್ಚುತ್ತೇವೆ. ನನ್ನ ಮನೆಯ ಗೂಡಿನಲ್ಲಿ ನಮ್ಮ ಚಿಕ್ಕಮ್ಮನ ಛತ್ರಿ ಇದೆ. ಬಳಸಬಾರದೆಂದೇನೂ ಇಲ್ಲ. ಆದರೆ ಜಡಿಮಳೆಯಲ್ಲಿ ನೆನೆದುಕೊಂಡೇ ಚರ್ಚಿಗೆ ಹೋಗುತ್ತೇನೆ ಹೊರತು ಅದನ್ನು ಬಿಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು, ನಮ್ಮ ಎದುರು ಮನೆಯ ಲೂರ್ದಮ್ಮನ ಕಥೆ ತಿಳಿಯುತ್ತದೆ.

ಗಂಡ ಚಿನ್ನಪ್ಪ ಕಾಮಾಲೆಯಲ್ಲಿ ಹೋದ ಮೇಲೆ ಲೂರ್ದಮ್ಮ ಕೈಹೊಲಿಗೆಯಲ್ಲಿ ಜೀವನ ಮಾಡುತ್ತಿದ್ದಳು. ರವಿಕೆಗೆ ಹುಕ್ಕು ಹಾಕುವುದು, ಸೀರೆಗೆ ಅಂಚು ಮಡಿಸುವುದು, ಹರಿದ ಪ್ಯಾಂಟಿಗೆ ತೇಪೆ ಹಚ್ಚುವುದು. ಅದರಲ್ಲಿ ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತಿಗೆ ಕಾಯಬೇಕು. ಅವಳ ಅತ್ತೆ ಜಪಮಾಲಮ್ಮ ಇದೇ ಬೀದಿಯ ಕೊನೆಯ ಮನೆಯಲ್ಲಿ ಬೇರೆ ಒಲೆ ಹಚ್ಚಿಕೊಂಡಿದ್ದಳು. ಒಂದು ಕಾಲದಲ್ಲಿ ಊರಿನ ಅರ್ಧ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವಾಗ ಹಾಕಿಕೊಂಡ ಬಿಳಿ ಉಡುಪು ಆಕೆಯ ಹೊಲಿಗೆ ಮಿಷನ್ನಿನಿಂದಲೇ ಬಂದದ್ದು. ಕಣ್ಣು ಮಂಜಾದ ಮೇಲೆ ಮಿಷನ್ನಿಗೆ ಹಳೇ ಲಂಗ ಹೊದಿಸಿ ಇಟ್ಟಿದ್ದಳು.

ಮಿಷನ್ನು ಸೊಸೆಗೆ ಕೊಟ್ಟರಾಯಿತಲ್ಲ ಎಂದು ನೀವು ಅನ್ನಬಹುದು. ಅದು ಅಪ್ಪನ ಕಾಲದ್ದು, ಮನೆಯ ಹೊಸ್ತಿಲು ದಾಟಕೂಡದು, ಅವ್ವನ ನಂತರ ತನಗೆ ಸೇರಬೇಕಾದ್ದು ಎಂದು ಹಿರಿಯ ಮಗ ಇನ್ನಾಸಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ಇನ್ನಾಸಪ್ಪ ಕೆಟ್ಟವನಲ್ಲ. ಊರಿನ ಆ ಕಡೆ ಬಾಡಿಗೆ ಗಾಡಿ ಹೊಡೆಯುತ್ತಾನೆ, ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಅವನಿಗೂ ಅವನ ಕಷ್ಟ. ಅಲ್ಲದೆ ಮನೆಯ ವಸ್ತು ಹಿರಿಯ ಮಗನಿಗೆ ಎನ್ನುವುದು ನಮ್ಮಲ್ಲಿ ನಡೆದುಬಂದದ್ದು. ಅತ್ತೆಯ ಮನೆಗೇ ಹೋಗಿ ಹೊಲಿಯಲು ಲೂರ್ದಮ್ಮನ ಸ್ವಾಭಿಮಾನ ಬಿಡಬೇಕಲ್ಲ! ಚಿನ್ನಪ್ಪ ಅವ್ವನನ್ನು ಒಂದು ಮಾತೂ ಕೇಳದೆ ಕಟ್ಟಿಕೊಂಡು ಬಂದವಳು ಇವಳು. ಆ ಮುನಿಸು ಅವನು ಸತ್ತ ಮೇಲೂ ಪೂರ್ತಿ ಹೋಗಿರಲಿಲ್ಲ. ಬೀದಿಯಲ್ಲಿ ಎದುರಾದರೆ ಇಬ್ಬರೂ ತಲೆ ಆಡಿಸಿ ದಾಟಿಕೊಳ್ಳುತ್ತಿದ್ದರು.

ಹಬ್ಬದ ಉಡುಗೊರೆಗೆ ಮಾತ್ರ ಯಾರೂ ಅಡ್ಡ ಬರುವಂತಿಲ್ಲ. ಮಗ ಸತ್ತ ವರ್ಷದಿಂದ ಜಪಮಾಲಮ್ಮ ಪ್ರತಿ ಕ್ರಿಸ್ಮಸ್ಸಿಗೂ ಆ ಮಿಷನ್ನನ್ನು ಸೊಸೆಗೆ ಕಳಿಸುತ್ತಿದ್ದಳು, ಬಾಯಲ್ಲಿ ಒಂದು ಮಾತಿಲ್ಲದೆ. ಲೂರ್ದಮ್ಮ ಅದಕ್ಕೆ ಪ್ರತಿಯಾಗಿ ಕಜ್ಜಾಯ ಕಳಿಸುತ್ತಿದ್ದಳು. ಮೂರು ರಾಯರ ಹಬ್ಬದವರೆಗೆ ಅವಳ ಮನೆಯಿಂದ ಮಿಷನ್ನಿನ ಸದ್ದು ನಿಲ್ಲುತ್ತಿರಲಿಲ್ಲ. ನಾವೆಲ್ಲ ವರ್ಷದ ಹೊಲಿಗೆಯನ್ನು ಆ ದಿನಗಳಿಗೆಂದೇ ಕೂಡಿಟ್ಟುಕೊಂಡಿರುತ್ತಿದ್ದೆವು. ಆ ದುಡಿಮೆಯಲ್ಲಿ ಅವಳು ಬೇಸಿಗೆಯವರೆಗೂ ಹೇಗೋ ಉಸಿರು ಹಿಡಿಯುತ್ತಿದ್ದಳು.

ನಾನು ಹೇಳುತ್ತಿರುವ ವರ್ಷ, ಚರ್ಚಿನಲ್ಲಿ ಬಾಲಯೇಸುವಿನ ಗೋದಲಿ ಕಟ್ಟಲು ಶುರುಮಾಡುವ ಹೊತ್ತಿಗೇ ಜಪಮಾಲಮ್ಮನಿಗೆ ಕೆಮ್ಮು ಹಿಡಿಯಿತು. ಎದೆ ಕಟ್ಟಿತು, ಜ್ವರ ಬಂತು ಹೋಯಿತು, ಮತ್ತೆ ಬಂತು. ಆದರೂ ಹಬ್ಬದ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಇಬ್ಬರು ಗಂಡಸರು ಮಿಷನ್ನನ್ನು ಹೊತ್ತುಕೊಂಡು ಬಂದರು. ಅವರ ಹಿಂದೆ ಕೋಲೂರಿಕೊಂಡು ಮುದುಕಿಯೂ ಬಂದಳು. ಆಕೆ ಆ ಮನೆಯ ಹೊಸ್ತಿಲು ತುಳಿದದ್ದು ಮಗನ ಹೆಣ ಎತ್ತಿದ ದಿನ ಬಿಟ್ಟರೆ ಅವತ್ತೇ. ನಾನೂ ರವಿಕೆ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ಮಿಷನ್ನು ಇಳಿಸಿದ ಮೇಲೆ ಜಪಮಾಲಮ್ಮ ಅದರ ಮರದ ಮೇಲೆ ಒಮ್ಮೆ ಕೈಯಾಡಿಸಿದಳು.

"ಜಾಗ ಸರಿಯಾಗಿ ನೋಡ್ಕೊಂಡು ಇಡ್ಸು ಕಣೇ. ಈ ಸಲ ಇದು ವಾಪಸ್ ಬರಲ್ಲ" ಅಂದಳು.

ಲೂರ್ದಮ್ಮನಿಗೆ ಕೂಡಲೇ ತಿಳಿಯಲಿಲ್ಲ. ಕಜ್ಜಾಯದ ಡಬ್ಬಿ ಅತ್ತೆಯ ಕೈಗೆ ಕೊಡುತ್ತಾ, "ಈ ಸಲ ಬೆಲ್ಲ ಸಾಲದೆ ಹೋಯ್ತು ಅತ್ತೆ, ಸ್ವಲ್ಪಾನೇ ಆಗಿದ್ದು" ಎಂದು ಸಂಕೋಚಪಟ್ಟಳು. ಹಬ್ಬದ ಸೀರೆಗೆಂದು ಎತ್ತಿಟ್ಟಿದ್ದ ದುಡ್ಡನ್ನು ಬೆಲ್ಲಕ್ಕೂ ಎಣ್ಣೆಗೂ ಸುರಿದಿದ್ದಳು, ಹಳೇ ಸೀರೆಯಲ್ಲೇ ನಿಂತಿದ್ದಳು. ಮುದುಕಿ ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟಳು. ಆಕೆ ಬಾಗಿಲು ದಾಟಿದ ಮೇಲೆ ಲೂರ್ದಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅಯ್ಯೋ ದೇವರೇ ಎಂದು ಇಬ್ಬರ ಬಾಯಿಂದಲೂ ಒಟ್ಟಿಗೆ ಬಂತು.

ಮಾರನೆಯ ದಿನದಿಂದ ಜಪಮಾಲಮ್ಮ ಹಾಸಿಗೆ ಹಿಡಿದಳು, ಊಟ ಬಿಟ್ಟಳು. ಡಾಕ್ಟರು ಬಂದು ಎದೆ ನೋಡಿ, ಕಫ ಕರಗುತ್ತಿದೆ, ಹೊಟ್ಟೆಗೆ ಬಿದ್ದರೆ ಎದ್ದು ಕೂರುತ್ತಾರೆ, ಬೀಳದಿದ್ದರೆ ನಾನೇನೂ ಮಾಡಲಾರೆ ಎಂದು ಹೇಳಿ ಹೋದರು. ಲೂರ್ದಮ್ಮ ಮಿಷನ್ನಿಗೆ ದಾರವನ್ನೇ ಪೋಣಿಸಲಿಲ್ಲ. ಬಟ್ಟೆ ತಂದವರನ್ನೆಲ್ಲ ವಾಪಸು ಕಳಿಸಿ, ಬಾಗಿಲಿಗೆ ಚಿಲಕ ಹಾಕಿ, ಅತ್ತೆಯ ಹಾಸಿಗೆಯ ಪಕ್ಕ ಹೋಗಿ ಕೂತಳು. ವರ್ಷದ ಗಳಿಕೆ ಕಣ್ಣೆದುರಿಗೇ ಹೋಗುತ್ತಿದ್ದರೂ ಅವಳು ಆ ಕಡೆ ತಿರುಗಿ ನೋಡಲಿಲ್ಲ.

"ಅತ್ತೆ, ಒಂದೇ ಒಂದು ಗುಟುಕು ಗಂಜಿ ಕುಡೀರಿ."

"ಬೇಡ ಅಂದ್ನಲ್ಲ. ಎಷ್ಟು ಸಲ ಹೇಳ್ಲಿ ನಿಂಗೆ?"

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ಉಂಡ್ರೆ ಎದ್ದು ಓಡಾಡ್ತೀರಂತೆ."

"ಕೇಳಿಸ್ತು. ಅದಕ್ಕೇ ಬೇಡ ಅಂದಿದ್ದು."

ಊರಿನ ಬಾಯಿಗೆ ಬೀಗ ಉಂಟೇ? ಲೂರ್ದಮ್ಮ ಅತ್ತೆಯ ಮನೆ ಸೇರಿದ್ದೇ ತಡ, ನಲ್ಲಿಯ ಹತ್ತಿರ ಗುಸುಗುಸು ಶುರುವಾಯಿತು. ಗಂಜಿ ಕುಡಿಸಲು ಹೋಗಿದ್ದಾಳೋ, ಕುಡಿಯದಂತೆ ನೋಡಿಕೊಳ್ಳಲು ಹೋಗಿದ್ದಾಳೋ ಎಂದು ಒಬ್ಬಳು ಅಂದಳು. ಮಿಷನ್ನು ಉಳಿದರೆ ಅವಳ ಬದುಕು ಹಸನಾಯಿತು ಬಿಡಿ ಎಂದು ಇನ್ನೊಬ್ಬಳು ಅಂದಳು. ನನಗೆ ಮೈಯೆಲ್ಲ ಉರಿದು, "ನಿಮ್ಮ ನಾಲಿಗೆಗೆ ಹುಳ ಬೀಳ, ಹೋಗಿ ನೋಡ್ಕೊಂಡು ಬಂದು ಮಾತಾಡಿ" ಎಂದು ಬೈದು ಕೊಡ ಎತ್ತಿಕೊಂಡು ಬಂದೆ.

ಸುದ್ದಿ ಇನ್ನಾಸಪ್ಪನ ಕಿವಿಗೂ ಬಿತ್ತು. ಗಾಡಿ ಕಟ್ಟಿಕೊಂಡು ಬಂದು, ಅವ್ವನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದ. ಮುದುಕಿ ಮಂಚದ ಕಾಲು ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಹೆಣ ಈ ಮನೆಯಿಂದ್ಲೇ ಹೋಗ್ಬೇಕು" ಎಂದು ಹಟ ಹಿಡಿದಳು. ಅವನು ಹೊರಗೆ ಬಂದು ಲೂರ್ದಮ್ಮನಿಗೆ, "ನೋಡವ್ವ, ಅವ್ವಂಗೆ ಹಬ್ಬದೊಳಗೆ ಏನಾದ್ರೂ ಆದ್ರೆ ಊರವರು ಏನಂತಾರೆ ಅಂತ ನಿಂಗೂ ಗೊತ್ತು" ಅಂದ. ಅವಳು ಒಳಗೆ ಹೋಗಿ ಆರಿದ ಗಂಜಿಯನ್ನು ಮತ್ತೆ ಬಿಸಿಗಿಟ್ಟಳು.

ಮುದುಕಿ ಅವಳಿಗೆ ಬಾಯಿಬಿಟ್ಟು ಹೇಳಿದ್ದು ಆ ಸಂಜೆ. "ನನ್ನ ಹತ್ರ ಕೊಡಕ್ಕೆ ಇನ್ನೇನಿದೆ ಹೇಳು. ನಾನು ಬದುಕಿದ್ರೆ ಮಿಷನ್ನು ವಾಪಸ್ ಬರತ್ತೆ, ನಾಳೆ ನಾನು ಕಣ್ಮುಚ್ಚಿದ್ಮೇಲೆ ಇನ್ನಾಸ ಅದನ್ನ ಗಾಡಿಗೆ ಹಾಕ್ಕೊಂಡು ಹೋಗ್ತಾನೆ. ಈಗ್ಲೇ ಹೋದ್ರೆ ನಿಂಗೆ ಉಳಿಯತ್ತೆ. ಚಿನ್ನಪ್ಪ ಇದ್ದಾಗ ನಿಂಗೆ ಒಂದು ಹಿಡಿ ಅಕ್ಕಿ ಕೊಟ್ಟವಳಲ್ಲ ನಾನು. ಈಗಾದ್ರೂ ಕೊಡ್ತೀನಿ, ಸುಮ್ನಿರು."

ದಿನ ಕಳೆದಂತೆ ಮುದುಕಿಯ ದನಿ ಸಣ್ಣದಾಯಿತು. ಲೂರ್ದಮ್ಮ ಚಮಚದಲ್ಲಿ ತುಟಿ ಒದ್ದೆ ಮಾಡುತ್ತಿದ್ದಳು, ಅಷ್ಟನ್ನು ಮಾತ್ರ ಮುದುಕಿ ಬಿಡುತ್ತಿದ್ದಳು. ಕಜ್ಜಾಯದ ಡಬ್ಬಿ ತಲೆದೆಸೆಯ ಮಣೆಯ ಮೇಲೆ, ಮುಚ್ಚಳ ಸಹ ತೆಗೆಯದೆ, ಹಬ್ಬದ ದಿನ ಇಟ್ಟ ಹಾಗೇ ಇತ್ತು. ಫಾದರ್ ಬಂದು ರೋಗಿಗಳ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಊಟ ಬಿಡುವುದು ತಪ್ಪಮ್ಮ ಎಂದು ತಿಳಿಹೇಳಿದರು. ಜಪಮಾಲಮ್ಮ ಅವರಿಗೆ ಕೈಮುಗಿದು ಗೋಡೆಯ ಕಡೆ ತಿರುಗಿಕೊಂಡಳು.

ಮೂರು ರಾಯರ ಹಬ್ಬದ ಹಿಂದಿನ ಸಂಜೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಚರ್ಚಿನ ಗಂಟೆ ಹೊಡೆದ ಮೇಲೆ ಎಲ್ಲರೂ ತಂತಮ್ಮ ಮನೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಬೇರೆಯವರ ಮನೆಯಲ್ಲಿ ತಂಗುವಂತಿಲ್ಲ, ವಸ್ತುಗಳು ಹೋಗುವುದನ್ನು ನೋಡುವಂತಿಲ್ಲ. ನೋಡಿದರೆ ಅವಕ್ಕೆ ದಾರಿ ತಪ್ಪುತ್ತದೆ ಎನ್ನುತ್ತಾರೆ. ಯಾರೂ ನೋಡಲು ಹೋದದ್ದಿಲ್ಲ. ಗಂಟೆಯ ಹೊತ್ತಾಗುತ್ತಾ ಬಂದರೂ ಲೂರ್ದಮ್ಮ ಬರದಿದ್ದಾಗ ನಾನೇ ಕರೆಯಲು ಹೋದೆ. ಅವಳು ಅತ್ತೆಯ ಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಅಳು ಒತ್ತರಿಸಿಕೊಂಡು ಬರುತ್ತಿತ್ತು, ಆದರೆ ಮಾತು ನೆಟ್ಟಗಿತ್ತು.

"ಆ ಮಿಷನ್ನು ನನ್ನ ಮನೇಲಿ ಉಳಿದ್ರೆ ನಾನು ಅದನ್ನ ತುಳೀತೀನಿ ಅಂದ್ಕೊಂಡ್ರಾ ಅತ್ತೆ? ಒಂದೊಂದು ಸಲ ತುಳಿದಾಗ್ಲೂ ನಮ್ಮತ್ತೆ ಹಸ್ಕೊಂಡು ಸತ್ರು ಅಂತ ನನ್ನ ಎದೆ ಹೊಡ್ಕೊಳಲ್ವಾ? ಅದರಲ್ಲಿ ಹೊಲಿದ ಕೂಲಿಯಿಂದ ನಾನು ಹೇಗೆ ಅನ್ನ ಉಣ್ಣಲಿ?"

ಮುದುಕಿ ಕಣ್ಣು ತೆರೆಯಲಿಲ್ಲ.

"ಅವ್ರು ಹೋದ್ಮೇಲೆ ಈ ಊರಲ್ಲಿ ನಂಗೆ ಅಂತ ಇರೋದು ನೀವೊಬ್ರು. ನೀವು ಮಾತಾಡ್ಸದೇ ಇದ್ರೂ ಸರಿ, ಬೀದಿ ಕೊನೇಲಿ ದೀಪ ಕಾಣ್ತಿತ್ತು, ಅತ್ತೆ ಇದ್ದಾರೆ ಅಂತ ಧೈರ್ಯ ಇತ್ತು. ಮಿಷನ್ನು ಕೊಟ್ಟು ಆ ದೀಪ ಕಿತ್ಕೊಂಡು ಹೋಗ್ತೀರಾ? ಇದು ಯಾವ ನ್ಯಾಯ?"

ಗಂಟೆ ಹೊಡೆಯಿತು. ನಾನು ಅವಳ ಭುಜ ಹಿಡಿದು ಎಬ್ಬಿಸಿದೆ. ಅವಳು ಕಣ್ಣೊರೆಸಿಕೊಂಡು ಒಂದು ಲೋಟ ಹಾಲನ್ನು ಮಣೆಯ ಮೇಲಿಟ್ಟಳು. ಕಜ್ಜಾಯದ ಡಬ್ಬಿಯ ಮುಚ್ಚಳ ತೆಗೆದು, ಮುದುಕಿಯ ಕೈಗೆ ಎಟಕುವಂತೆ ಹತ್ತಿರಕ್ಕೆ ಸರಿಸಿದಳು.

"ತಿನ್ನಿ ಅಂತ ಇನ್ನು ಹೇಳಲ್ಲ ಅತ್ತೆ. ನಾನು ಕೊಟ್ಟಿದ್ದನ್ನ ನೀವು ಮುಟ್ಟದೇನೇ ಹೋದ್ರೆ, ಬೆಳಿಗ್ಗೆ ಇದು ನನ್ನ ಮನೆಗೆ ಬರತ್ತೆ. ನೀವು ಕೊಟ್ಟಿದ್ದು ಒಂದು ಕಡೆ, ನಾನು ಕೊಟ್ಟಿದ್ದು ಒಂದು ಕಡೆ. ನಡುವೆ ಕೂತ್ಕೊಂಡು ನಾನು ಏನ್ಮಾಡ್ಲಿ ಅಂತ ನೀವೇ ಯೋಚ್ನೆ ಮಾಡಿ."

ಅಷ್ಟು ಹೇಳಿ ತಿರುಗಿ ನೋಡದೆ ಬಂದಳು. ಸಾಯುವ ಮುದುಕಿಯನ್ನು ಒಬ್ಬಳನ್ನೇ ಬಿಟ್ಟು ನಾನು ಬಾಗಿಲು ಎಳೆದುಕೊಂಡೆ. ಎಂಥ ಊರು ನಮ್ಮದು, ಎಂಥ ಕಟ್ಟಳೆ ಎಂದು ಮೊದಲ ಸಲ ನನಗೆ ಸಿಟ್ಟು ಬಂತು. ಸಿಟ್ಟು ಬಂದರೂ ಎಲ್ಲರ ಹಾಗೆ ನಾನೂ ಮನೆಗೆ ಹೋಗಿ ಅಗುಳಿ ಹಾಕಿಕೊಂಡೆ.

ಆ ರಾತ್ರಿ ಲೂರ್ದಮ್ಮ ಮಿಷನ್ನಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಜಪಸರ ಹಿಡಿದು ಕೂತಿದ್ದಳಂತೆ. ಇದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. ಯಾವಾಗ ಕಣ್ಣಿಗೆ ನಿದ್ದೆ ಹತ್ತಿತೋ ಗೊತ್ತಿಲ್ಲ. ಕೋಳಿ ಕೂಗಿದಾಗ ಎಚ್ಚರವಾಯಿತು, ಆದರೆ ತಿರುಗಲು ಧೈರ್ಯ ಬರಲಿಲ್ಲ. "ನ್ಯಾಯವಾಗಿ ಹೇಳ್ತೀನಿ ಬ್ರಿಜಿತಕ್ಕ, ಹಿಂದೆ ಮಿಷನ್ನು ಇದ್ರೆ ಏನ್ಮಾಡೋದು ಅಂತ ಇನ್ನೊಂದು ಸುತ್ತು ಜಪಸರ ಶುರು ಮಾಡ್ದೆ" ಎಂದು ನನಗೆ ಹೇಳಿದಳು. ಕಿಟಕಿಯಲ್ಲಿ ಬೆಳಕು ಮೂಡುವವರೆಗೂ ಹಾಗೇ ಗೋಡೆ ನೋಡುತ್ತಾ ಕೂತಿದ್ದು, ಕೊನೆಗೆ ಶಿಲುಬೆಯ ಗುರುತು ಹಾಕಿಕೊಂಡು ತಿರುಗಿದಳು.

ಮೂಲೆ ಖಾಲಿಯಿತ್ತು. ಸಗಣಿ ಸಾರಿಸಿದ ನೆಲದಲ್ಲಿ ಮಿಷನ್ನಿನ ಕಾಲು ಊರಿದ್ದ ಗುಂಡಿಗಳು ಮಾತ್ರ ಉಳಿದಿದ್ದವು.

ಅವಳು ಕಿರುಚಿದ್ದು ನನ್ನ ಮನೆಗೆ ಕೇಳಿಸಿತು. ಮುಗಿಯಿತು ಕಥೆ ಅಂದುಕೊಂಡು ನಾನು ಬರಿಗಾಲಲ್ಲೇ ಓಡಿದೆ. ಲೂರ್ದಮ್ಮ ಬರಿದಾದ ಮೂಲೆಯಲ್ಲಿ ಮೊಣಕಾಲೂರಿ, ಅಳುತ್ತಲೂ ನಗುತ್ತಲೂ ನೆಲವನ್ನು ಎರಡೂ ಕೈಯಿಂದ ಸವರುತ್ತಿದ್ದಳು.

"ಹೋಯ್ತು ಬ್ರಿಜಿತಕ್ಕ! ಮಿಷನ್ನು ಹೋಯ್ತು! ಅತ್ತೆ ಇದ್ದಾರೆ!"

ಇಡೀ ವರ್ಷದ ಅನ್ನ ಮನೆ ಬಿಟ್ಟು ಹೋಯಿತೆಂದು ಹೀಗೆ ಸಂಭ್ರಮಪಟ್ಟವರನ್ನು ನಾನು ಎಲ್ಲಿಯೂ ಕಂಡಿಲ್ಲ. ಅವಳನ್ನು ಎಬ್ಬಿಸಲು ಬಗ್ಗಿದಾಗ ಅಡುಗೆಮನೆಯ ಹಲಗೆಯ ಮೇಲೆ ನನ್ನ ಕಣ್ಣು ಬಿತ್ತು. ಕಜ್ಜಾಯದ ಡಬ್ಬಿ ವಾಪಸು ಬಂದು ತನ್ನ ಜಾಗದಲ್ಲಿ ಕೂತಿತ್ತು. ನಾನು ತೋರಿಸಿದೆ. ಅವಳ ನಗು ನಿಂತಿತು. ಎದ್ದು ಹೋಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿದಳು, ಒಳಗೆ ನೋಡಿದಳು, ನನ್ನ ಕಡೆ ಬಾಗಿಸಿ ತೋರಿಸಿದಳು. ಒಂದು ಕಜ್ಜಾಯವೂ ಇರಲಿಲ್ಲ. ತಳದಲ್ಲಿ ಬೆಲ್ಲದ ಜಿಡ್ಡಿಗೆ ಅಂಟಿಕೊಂಡ ಗಸಗಸೆ ಅಷ್ಟೇ.

ನಾವಿಬ್ಬರೂ ಓಡಿ ಹೋದಾಗ ಜಪಮಾಲಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮಿಷನ್ನು ಅದರ ಹಳೇ ಜಾಗದಲ್ಲಿತ್ತು. ಹಾಲಿನ ಲೋಟ ಬರಿದಾಗಿತ್ತು. ಮುದುಕಿ ಸೊಸೆಯನ್ನು ಮೇಲಿಂದ ಕೆಳಗಿನವರೆಗೂ ನೋಡಿ, ಇದ್ದ ಅಲ್ಪ ದನಿಯಲ್ಲೇ ಗದರಿದಳು.

"ಪಾಕ ಗಟ್ಟಿಯಾಗಿದೆ ಕಣೇ. ಯಾವಳು ಕಲ್ಸಿದ್ಳು ನಿಂಗೆ? ಇರೋ ನಾಲ್ಕು ಹಲ್ಲೂ ಅಲ್ಲಾಡ್ತಿವೆ." ಮುದುಕಿ ಮಿಷನ್ನಿನ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. "ಅದು ಹೋಯ್ತಲ್ಲೇ ನಿಂಗೆ. ದಡ್ಡಿ. ಗಂಜಿ ತಂದ್ಯಾ?"

ಜಪಮಾಲಮ್ಮ ಆಮೇಲೆ ಮಾವಿನಕಾಯಿಯ ಕಾಲವನ್ನೂ ನೋಡಿದಳು, ಮಳೆಗಾಲವನ್ನೂ ನೋಡಿದಳು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡರು. ಲೂರ್ದಮ್ಮ ಅತ್ತೆಯ ಮನೆಯಲ್ಲೇ ಕೂತು ಮಿಷನ್ನು ತುಳಿದಳು, ಅದು ಹೊಸ್ತಿಲು ದಾಟದ ಮೇಲೆ ಇನ್ನಾಸಪ್ಪನೂ ಸುಮ್ಮನಾದ. ಜಗಳವೇನೂ ಕಮ್ಮಿಯಾಗಲಿಲ್ಲ, ಸಾರಿಗೆ ಉಪ್ಪು ಜಾಸ್ತಿ, ನೀರು ವಿಪರೀತ ಚೆಲ್ಲುತ್ತೀಯ ಎಂದು ಬೀದಿಗೆಲ್ಲ ಕೇಳಿಸುತ್ತಿತ್ತು. ಕೇಳಿ ನಮಗೂ ಸಮಾಧಾನವಾಗುತ್ತಿತ್ತು. ಕನ್ಯಾಮರಿಯಮ್ಮನವರ ಹಬ್ಬ ಕಳೆದ ಮೇಲೆ, ಒಂದು ಮಧ್ಯಾಹ್ನ ಊಟ ಮುಗಿಸಿ ಮಲಗಿದ ಮುದುಕಿ ಏಳಲಿಲ್ಲ. ಕ್ರಿಸ್ಮಸ್ ಇನ್ನೂ ದೂರವಿತ್ತು.

ಇನ್ನಾಸಪ್ಪ ಗಾಡಿ ತಂದ. ಮಿಷನ್ನು ಏರಿಸಿದ ಮೇಲೆ ಲೂರ್ದಮ್ಮನ ಬಾಗಿಲಿಗೆ ಬಂದು, ಮುಖ ತಪ್ಪಿಸಿಕೊಂಡು, "ಅವ್ವಂದು ಏನಾದ್ರೂ ಬೇಕಾದ್ರೆ ಇಟ್ಕೋ" ಅಂದ. "ನನ್ನ ಹತ್ರ ಇದೆ ಭಾವ" ಅಂದಳು. ಗಾಡಿ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದು, ಒಳಗೆ ಹೋಗಿ ಹುಕ್ಕು ಹಾಕಬೇಕಾದ ರವಿಕೆ ತೆಗೆದುಕೊಂಡು ಕೂತಳು. ಈಗಲೂ ಕೈಹೊಲಿಗೆಯಲ್ಲೇ ಇದ್ದಾಳೆ, ಒಂದು ಹೊತ್ತು ಉಂಡು ಇನ್ನೊಂದು ಹೊತ್ತಿಗೆ ಕಾಯುತ್ತಾಳೆ.

ಅವಳ ಮನೆಯ ಗೂಡಿನಲ್ಲಿ ಆ ಖಾಲಿ ಡಬ್ಬಿ ಇದೆ. ಲೆಕ್ಕಕ್ಕೆ ಅದು ಉಳಿದ ವಸ್ತುವಲ್ಲ, ಅವಳೇ ಕೊಟ್ಟು ಅವಳಿಗೇ ವಾಪಸು ಬಂದದ್ದು. ಹಾಗಂತ ಅವಳ ಮುಂದೆ ಯಾರೂ ಹೇಳುವುದಿಲ್ಲ. ಭಾನುವಾರ ಅದರ ಮುಂದೆ ಬತ್ತಿ ಹಚ್ಚುತ್ತಾಳೆ. ಇರುವೆ ಮುತ್ತುವುದಿಲ್ಲವೇನೇ, ಒಮ್ಮೆ ತೊಳೆದಾದರೂ ಇಡು ಎಂದು ನಾನೊಮ್ಮೆ ಹೇಳಿದೆ. ಮುತ್ತಲಿ ಬಿಡಿ ಬ್ರಿಜಿತಕ್ಕ ಅಂದಳು. ತಳಕ್ಕಂಟಿದ ಆ ಗಸಗಸೆಯನ್ನು ಅವಳು ಇವತ್ತಿಗೂ ತೊಳೆದಿಲ್ಲ.